ವರ್ಲನ್ ಗಾಳಿಕೊಳವೆ ಗುಡಿಸಿದ್ದು

ವರ್ಲನ್ ಟ್ಯಾಡ್ಲಾಕನ ಮನೆಯ ಹಿಂದಿನ ಬಚ್ಚಲಿನ ಕಮೋಡಿಗೆ ಬಿಸಿನೀರು ಬರುತ್ತದೆ. ಅದನ್ನು ಕೂರಿಸಿದವನು ವರ್ಲನ್. ಗೋಡೆಯೊಳಗಿಂದ ಎರಡು ಕೊಳವೆಗಳು ಇಣುಕುತ್ತಿದ್ದವು. ಯಾವುದು ಬಿಸಿಯದು, ಯಾವುದು ತಣ್ಣೀರಿನದು ಎಂದು ಮುಟ್ಟಿ ನೋಡುವಷ್ಟು ವ್ಯವಧಾನ ಅವನಿಗಿರಲಿಲ್ಲ. ಚಳಿಗಾಲದಲ್ಲಿ ಬಂದ ನೆಂಟರು ಅಲ್ಲಿಂದ ಬೇಗ ಎದ್ದು ಬರುವುದಿಲ್ಲ, ಇದಕ್ಕಿಂತ ಹೆಚ್ಚಿನ ಉಪಚಾರ ಬೇಕೇ ಎಂದು ಅವನೇ ಕೇಳುತ್ತಾನೆ. ಅಂಗಳದ ದೀಪ ಉರಿಯಬೇಕಾದರೆ ಅಡುಗೆಮನೆಯ ಮಿಕ್ಸರ್ ತಿರುಗಿಸಬೇಕು. ಅದೂ ಅವನದೇ ಕೈಗುಣ. ಬೇರೆಯವರು ನಗುವ ಮೊದಲು ತಾನೇ ತನ್ನನ್ನು ನೋಡಿ ನಕ್ಕುಬಿಡುವುದು ಅವನ ರೂಢಿ. ಹಾಗೆ ಮಾಡಿದರೆ ಅವಮಾನ ಸ್ವಲ್ಪ ಅಗ್ಗಕ್ಕೆ ಮುಗಿಯುತ್ತದೆ ಎಂಬುದು ಅವನ ನಂಬಿಕೆ.

ಫ್ಲೋರಿಡಾದ ಒಳನಾಡಿನಲ್ಲಿ, ಸಮುದ್ರದ ಗಾಳಿ ಯಾವ ದಿಕ್ಕಿನಿಂದಲೂ ತಲುಪದ ಫೋರ್ಟ್ ಹ್ಯಾಡ್ಲಿ ಎಂಬ ಊರಿನಲ್ಲಿ ಅವನು ಶಾಲಾ ಬಸ್ಸು ಓಡಿಸುತ್ತಾನೆ. ಸ್ಟೀರಿಂಗ್ ಹಿಡಿದರೆ ಅವನಷ್ಟು ನಿಧಾನಸ್ಥ ಇಡೀ ಜಿಲ್ಲೆಯಲ್ಲಿಲ್ಲ. ರೈಲು ಓಡದೆ ಹುಲ್ಲು ಬೆಳೆದ ಹಳಿಯ ಮುಂದೆಯೂ ಬಸ್ ನಿಲ್ಲಿಸಿ, ಬಾಗಿಲು ತೆರೆದು, ಎರಡೂ ಕಡೆ ಕಿವಿಗೊಟ್ಟು ಕೇಳಿ, ಆಮೇಲೆ ದಾಟುತ್ತಾನೆ. ಹಿಂದೆ ಕೂತ ಮಕ್ಕಳು ರೈಲಿನ ಹಾಗೆ ಕೂಗಿದರೆ ಇನ್ನೊಮ್ಮೆ ನಿಲ್ಲಿಸುತ್ತಾನೆ. ಆದರೆ ಜೂನ್ ಬಂದು ಶಾಲೆಗೆ ಬೀಗ ಬಿದ್ದಿತೆಂದರೆ ಆ ನಿಧಾನವೆಲ್ಲ ಬಸ್ಸಿನೊಳಗೇ ಉಳಿದುಬಿಡುತ್ತದೆ. ರಜೆಯಲ್ಲಿ ಮನೆಗೆ ಬರುವವನು ಬೇರೆ ಮನುಷ್ಯ. ಅವನ ಕೈಯಲ್ಲಿ ಡ್ರಿಲ್ಲಿಂಗ್ ಯಂತ್ರ ಇರುತ್ತದೆ.

"ಜೂನ್ ಬಂದ್ರೆ ನನ್ ಮನೆ ಗೋಡೆಗಳಿಗೆ ಜ್ವರ ಬರುತ್ತೆ" ಎನ್ನುತ್ತಾಳೆ ಹೆಂಡತಿ ವೈನೆಲ್.

ತಪ್ಪು ಅವನೊಬ್ಬನದೇ ಅಲ್ಲ, ಆ ಬೀದಿಯ ರಿವಾಜೇ ಹಾಗೆ. ಎರಡು ಕೈ ನೆಟ್ಟಗಿರುವವನು ಮನೆಯ ಕೆಲಸಕ್ಕೆ ಹೊರಗಿನವನನ್ನು ಕರೆಯಬಾರದು. ರಿಪೇರಿಯವನ ವ್ಯಾನು ಯಾರ ಮನೆಯ ಮುಂದಾದರೂ ನಿಂತರೆ ಅಕ್ಕಪಕ್ಕದ ಗಂಡಸರು ಹುಲ್ಲು ಕತ್ತರಿಸುವ ನೆಪದಲ್ಲಿ ಹೊರಗೆ ಬಂದು, ಸಾವಿನ ಮನೆಯವರನ್ನು ಕೇಳುವ ದನಿಯಲ್ಲಿ "ಏನಾಯ್ತಪ್ಪಾ?" ಎಂದು ವಿಚಾರಿಸುತ್ತಾರೆ. ವರ್ಲನ್‌ಗೆ ಇನ್ನೂ ಒಂದು ತೊಡಕಿತ್ತು. ವೈನೆಲ್‌ಳ ತಮ್ಮ ಲಮಾರ್ ಹೊಟ್ಟೆಪಾಡಿಗೆ ಮಾಡುವುದೇ ಏಸಿ ರಿಪೇರಿ. ಹಬ್ಬದ ಊಟಕ್ಕೆ ಬಂದಾಗಲೆಲ್ಲ ಲಮಾರ್ ನೇರವಾಗಿ ಹಿಂದಿನ ಬಚ್ಚಲಿಗೆ ಹೋಗಿ, ಹೊರಗೆ ಬಂದು, ಎಲ್ಲರ ಎದುರು ಕೈ ಒರೆಸಿಕೊಳ್ಳುತ್ತ "ಭಾವ, ಹಬೆಸ್ನಾನಾನೂ ಆಯ್ತು" ಎನ್ನುತ್ತಾನೆ. ಇಂಥವನನ್ನು ಸಹಾಯಕ್ಕೆ ಕರೆಯುವುದಕ್ಕಿಂತ ಬೆವರಿ ಸಾಯುವುದು ಮೇಲು ಎಂದು ವರ್ಲನ್ ಯಾವತ್ತೋ ತೀರ್ಮಾನಿಸಿದ್ದ.

ಈ ಬೇಸಿಗೆಯಲ್ಲಿ ಮಾತ್ರ ಅವನು ಡ್ರಿಲ್ಲಿಂಗ್ ಯಂತ್ರ ಎತ್ತಿಕೊಂಡದ್ದು ಹುಮ್ಮಸ್ಸಿನಿಂದಲ್ಲ, ಭಯದಿಂದ.

ಮಗಳು ಟೆಸ್ಸಾಳ ಗಂಡುಮಗು ಏಮಸ್ ದಿನ ತುಂಬುವ ಮೊದಲೇ ಹುಟ್ಟಿದ್ದ. ಟ್ಯಾಂಪಾದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ ಅವನನ್ನು ನೋಡಿ ಬಂದ ದಿನ ವರ್ಲನ್ ಊಟ ಮಾಡಲಿಲ್ಲ. ಬಿಡಿಸಿದ ಕಿತ್ತಳೆಯ ತೊಳೆಯಷ್ಟು ಕೈ. ಉಸಿರೆಳೆದರೆ ಪಕ್ಕೆಲುಬು ಒಳಕ್ಕೆ ಹೋಗುತ್ತಿತ್ತು. ಈಗ ಮಗು ಗುಣವಾಗಿ ಬರುವ ಗುರುವಾರ ಬಿಡುಗಡೆ ಎಂದಿದ್ದರು. ಆದರೆ ಶ್ವಾಸಕೋಶ ಇನ್ನೂ ಎಳಸು, ಕೆಲವು ವಾರ ಮೂಗಿಗೆ ಆಮ್ಲಜನಕದ ಸಣ್ಣ ನಳಿಗೆ ಇರಲೇಬೇಕು. ಹೊಗೆ ಕೂಡದು, ಧೂಳು ಕೂಡದು, ಸೆಕೆಯೂ ಕೂಡದು ಎಂದು ನರ್ಸ್ ಬಿಡಿಸಿ ಹೇಳಿದ್ದಳು. ಟೆಸ್ಸಾಳ ಬಾಡಿಗೆ ಮನೆಯ ಗೋಡೆಗೆ ಬೂಷ್ಟು. ಗಂಡ ನಿಕ್‌ಗೆ ಸರಕು ಹಡಗಿನಲ್ಲಿ ಕೆಲಸ, ಅಕ್ಟೋಬರ್ ತನಕ ಬರುವ ಹಾಗಿಲ್ಲ. ನಿಕ್‌ನ ತಾಯಿ ಡೆನೀಸ್ ಸರಸೋಟಾದ ತನ್ನ ಹೊಸ ಮನೆಗೆ ಬಾ ಎಂದು ಕರೆಯುತ್ತಲೇ ಇದ್ದಳು. ಬಿಳಿ ನೆಲ, ಬಿಳಿ ಸೋಫಾ, ಚಪ್ಪಲಿ ಬಾಗಿಲಲ್ಲೇ ಬಿಡುವ ಮನೆ.

"ಅಲ್ಲಿ ಅಳೋಕೂ ಸದ್ದಾಗ್ದಂಗೆ ಅಳ್ಬೇಕಮ್ಮಾ. ನಾನ್ ನಮ್ಮನೆಗೇ ಬರ್ತೀನಿ" ಎಂದಿದ್ದಳು ಟೆಸ್ಸಾ.

ಆ ಮಾತು ಕೇಳಿ ವರ್ಲನ್ ಒಳಗೊಳಗೇ ಉಬ್ಬಿದ. ನಮ್ಮನೆಗೇ ಬರ್ತೀನಿ. ವೈನೆಲ್ ಪರದೆ ಒಗೆದಳು, ಗೋಡೆ ಒರೆಸಿದಳು, ನಾಯಿಯನ್ನು ತಂಗಿಯ ಮನೆಗೆ ಸಾಗಿಸಿದಳು. ವರ್ಲನ್ ಕೈಕಟ್ಟಿ ಕೂರುವವನೇ? ಸೋಫಾದ ಮೇಲೆ ಮಲಗಿ ಚಾವಣಿ ನೋಡಿದ. ಅಲ್ಲಿತ್ತು ಗಾಳಿ ಬರುವ ಜಾಲರಿ, ಅದರ ಅಂಚಿನಲ್ಲಿ ಕರಿಯ ಧೂಳಿನ ಗೆರೆ. ಅಟ್ಟದಲ್ಲಿರುವ ಏಸಿ ಯಂತ್ರದಿಂದ ಪ್ರತಿ ಕೋಣೆಗೂ ಚೌಕಾಕಾರದ ಉದ್ದುದ್ದ ಕೊಳವೆಗಳು ಹೋಗಿದ್ದವು. ಮನೆ ಕೊಂಡಾಗಿನಿಂದ ಅವುಗಳ ಒಳಗೆ ಯಾರೂ ಇಣುಕಿ ನೋಡಿರಲಿಲ್ಲ. ಮನೆಯೆಲ್ಲ ತೊಳೆದು ಗಾಳಿಯನ್ನೇ ತೊಳೆಯದಿದ್ದರೆ ಏನು ಬಂತು ಎಂದು ಅವನಿಗೆ ಹೊಳೆಯಿತು. ಹೊಳೆದದ್ದು ಒಳ್ಳೆಯದೇ. ಅಷ್ಟಕ್ಕೇ ನಿಲ್ಲಬಹುದಿತ್ತು.

"ಲಮಾರ್‌ನ ಒಂದ್ ಮಾತು ಕೇಳ್ಬಿಡು" ಎಂದಳು ವೈನೆಲ್, ಆಸ್ಪತ್ರೆಗೆ ಹೊರಡುತ್ತ.

"ಅವನ್ನ ಕೇಳಿದ್ರೆ ಕ್ರಿಸ್‌ಮಸ್ ತನಕ ಅದನ್ನೇ ಹೇಳ್ತಾನೆ."

"ಕೇಳ್ದೇ ಇದ್ರೆ ಸಾಯೋ ತನಕ ಹೇಳ್ತಾನೆ."

ಅವಳ ಕಾರು ತಿರುವು ದಾಟುತ್ತಿದ್ದಂತೆ ವರ್ಲನ್ ಏಣಿ ಹಾಕಿದ. ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿಯ ಕೊಳವೆಗೆಂದು ಹಿಂದೆ ತಂದಿದ್ದ ಉದ್ದನೆಯ ಬ್ರಷ್ಷು ಅವನಲ್ಲಿತ್ತು; ಬಾಗುವ ಕಡ್ಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ, ತುದಿಯನ್ನು ಡ್ರಿಲ್ಲಿಂಗ್ ಯಂತ್ರಕ್ಕೆ ಕಚ್ಚಿಸಿದರೆ ಬ್ರಷ್ಷು ಗಿರಗಿರ ತಿರುಗುತ್ತದೆ. ಜಾಲರಿ ಬಿಚ್ಚಿ ಅದನ್ನು ಕೊಳವೆಯೊಳಗೆ ತೂರಿಸಿದ. ಮೊದಲು ಸ್ವಲ್ಪ ಕರಿಯ ಪುಡಿ ಬಂತು. ಆಮೇಲೆ ಕಪ್ಪು ಸಿಪ್ಪೆ. ಆಮೇಲೆ, ವರ್ಲನ್ ಕಣ್ಣರಳಿಸುವ ಹಾಗೆ, ಹಳದಿ ಉಣ್ಣೆಯಂಥ ಕಸ ಮುದ್ದೆಮುದ್ದೆಯಾಗಿ ಉದುರತೊಡಗಿತು.

ಇಷ್ಟು ಕಸವೇ ಎಂದು ಅವನು ಬೆರಗಾದ. ಬ್ರಷ್ಷು ತಿರುಗಿದಷ್ಟೂ ಬರುತ್ತಿತ್ತು. ಇಷ್ಟು ವರ್ಷ ಇದರೊಳಗಿಂದ ಬಂದ ಗಾಳಿಯನ್ನು ನಾವು ಕುಡಿದೆವಲ್ಲ ಎಂದು ಮೈ ಜುಂ ಎಂದಿತು. ಇನ್ನಷ್ಟು ಒತ್ತಿದ. ಇನ್ನಷ್ಟು ಬಂತು. ನಡುಮನೆ ಮುಗಿಸಿ ಮಲಗುವ ಕೋಣೆಗೆ ಹೋದ, ಅಲ್ಲೂ ಅಷ್ಟೇ. ಮಗುವಿಗೆಂದು ತಯಾರಾಗಿದ್ದ ಕೋಣೆಯಲ್ಲಿ ಮಾತ್ರ ಬಹಳ ಹೊತ್ತು ನಿಂತು, ಭಕ್ತಿಯಿಂದ, ಕೊಳವೆಯ ನಾಲ್ಕೂ ಮಗ್ಗುಲನ್ನು ಉಜ್ಜಿದ. ಕಸದ ಚೀಲಗಳು ತುಂಬಿ ಬಾಗಿಲ ಬಳಿ ಹಂದಿಗಳ ಹಾಗೆ ಮಲಗಿದವು. ಕೊನೆಗೆ ಒಳಗೆ ಉಳಿದದ್ದೂ ಹೋಗಲಿ ಎಂದು ಫ್ಯಾನನ್ನು ಪೂರ್ತಿ ಜೋರಿಗೆ ಏರಿಸಿ ಏಸಿ ಹಾಕಿದ. ಚೀಲಗಳ ಪಕ್ಕದಲ್ಲಿ, ಹುಲಿ ಹೊಡೆದವನ ಹಾಗೆ ಒಂದು ಕಾಲು ಮುಂದಿಟ್ಟು ನಿಂತು, ತನ್ನ ಫೋಟೋ ತಾನೇ ತೆಗೆದುಕೊಂಡು ಮನೆಮಂದಿಗೆಲ್ಲ ಕಳಿಸಿದ. "ಇಷ್ಟು ಕಸ ಇತ್ತು. ಇನ್ನು ಏಮಸ್ ಸಾಹೇಬರು ಧಾರಾಳವಾಗಿ ಉಸಿರಾಡಬಹುದು" ಎಂದು ಬರೆದ.

ಟೆಸ್ಸಾಳಿಂದ ಒಂದು ಕೆಂಪು ಹೃದಯ ಬಂತು. ಲಮಾರ್‌ನಿಂದ ಫೋನೇ ಬಂತು.

"ಭಾವ, ಏಸಿ ಹಾಕಿದೀಯಾ?"

"ಫುಲ್ ಜೋರಾಗಿ ಹಾಕಿದೀನಿ. ಯಾಕೆ?"

"ಈಗ್ಲೇ ಆಫ್ ಮಾಡು. ಹೊರಗೆ ಹೋಗಿ ಮರದ ಕೆಳಗೆ ಕೂತ್ಕೋ. ಏನೂ ಮುಟ್ಬೇಡ. ನಾನ್ ಬರ್ತೀನಿ."

"ಏನಾಯ್ತೋ?"

"ನೀನು ಚೀಲಕ್ಕೆ ತುಂಬಿರೋದು ಕಸ ಅಲ್ಲ ಭಾವ. ಕೊಳವೆ."

ಮರದ ಕೆಳಗೆ ಕೂತಾಗ ಮೊದಲು ಕತ್ತಿನ ಹಿಂದೆ ತುರಿಸಿತು, ಆಮೇಲೆ ಮೊಣಕೈ ಸಂದು, ಆಮೇಲೆ ರೆಪ್ಪೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ವರ್ಲನ್ ಹೆಗಲು, ಕತ್ತು, ಸೊಂಟ ಎಲ್ಲವನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೆರೆದಷ್ಟೂ ಉರಿ. ತೋಳನ್ನು ಬಿಸಿಲಿಗೆ ಹಿಡಿದರೆ ರೋಮಗಳ ನಡುವೆ ಸಣ್ಣ ಸಣ್ಣ ಮಿಂಚು.

ಲಮಾರ್ ಬಂದ. ಮೂಗಿಗೆ ಮುಖವಾಡ ಕಟ್ಟಿಕೊಂಡು ಅಟ್ಟ ಹತ್ತಿದ, ಇಳಿದ. ಊಟದ ಮೇಜಿನ ಮೇಲೆ ಸೆಲ್ಲೋಟೇಪಿನ ತುಂಡೊಂದನ್ನು ಒತ್ತಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ಟೇಪಿನ ತುಂಬ ಸೂಜಿಗಿಂತ ಸಣ್ಣ ನಾರುಗಳು ಅಡ್ಡಾದಿಡ್ಡಿ ಮಿನುಗುತ್ತಿದ್ದವು. ನಗಬೇಕೆಂದುಕೊಂಡೇ ಬಂದಿದ್ದ ಅವನು, ಮಗುವಿನ ಕೋಣೆಯ ತೊಟ್ಟಿಲ ಹಾಸಿಗೆಯ ಮೇಲೂ ಅದೇ ಮಿನುಗು ಕಂಡ ಮೇಲೆ ನಗಲಿಲ್ಲ. ಲಮಾರ್ ನಗದೆ ಇದ್ದದ್ದನ್ನು ನೋಡಿಯೇ ವರ್ಲನ್‌ಗೆ ನಿಜವಾಗಿ ಹೆದರಿಕೆಯಾಯಿತು.

"ಆ ಕಾಲದಲ್ಲಿ ಕಟ್ಟಿದ ಮನೆಗಳಲ್ಲೆಲ್ಲ ಕೊಳವೇನೇ ಗಾಜಿನ ನಾರಿಂದು ಭಾವ. ನಾರನ್ನ ಹಲಗೆ ಥರ ಒತ್ತಿ, ಒಳಗಡೆ ಕಪ್ಪು ಲೇಪ ಹಚ್ಚಿರ್ತಾರೆ, ನಾರು ಏಳ್ದಿರ್ಲಿ ಅಂತ. ನೀನು ಮೊದ್ಲು ಆ ಲೇಪಾನ ಕೆರೆದೆ. ಆಮೇಲೆ ಗೋಡೆನೇ ಕೆರೆದೆ. ಇನ್ನ್ ಸ್ವಲ್ಪ ಹೊತ್ತು ಬಿಟ್ಟಿದ್ರೆ ಬ್ರಷ್ಷು ಅಟ್ಟಕ್ಕೆ ಬರ್ತಿತ್ತು."

"ಬಂತು" ಎಂದ ವರ್ಲನ್. "ಒಂದ್ ಕಡೆ ಬಂತು. ಅಲ್ಲಿ ಬೆಳಕು ಕಾಣ್ತು. ಪೂರ್ತಿ ಕ್ಲೀನಾಯ್ತು ಅಂದ್ಕೊಂಡೆ."

ಲಮಾರ್ ಗೋಡೆ ಹಿಡಿದುಕೊಂಡು ತಿರುಗಿ ನಿಂತ. ಅವನ ಭುಜ ಕುಲುಕುತ್ತಿತ್ತು.

ಮನೆಗೆ ಬಂದ ವೈನೆಲ್ ಎಲ್ಲವನ್ನೂ ಕೇಳಿಸಿಕೊಂಡಳು. ತಮ್ಮನನ್ನಷ್ಟೇ ಕೇಳಿದಳು: "ಗುರುವಾರದ ಒಳಗೆ ಸರಿ ಆಗುತ್ತಾ?"

"ಇಲ್ಲಕ್ಕ. ಅಷ್ಟೂ ಕೊಳವೆ ಕಿತ್ತು ಹೊಸದು ಹಾಕ್ಬೇಕು. ಜುಲೈ ಇದು. ವೃದ್ಧಾಶ್ರಮದ ಏಸಿ ಕೆಟ್ಟು ಕೂತಿದೆ, ಅಜ್ಜಿಯರು ಒದ್ದೆ ಟವಲ್ ಹೊದ್ಕೊಂಡು ಕೂತಿದಾರೆ. ಅವ್ರನ್ನ ಬಿಟ್ಟು ಬರೋಕಾಗಲ್ಲ. ಶಾಲೆ ಶುರುವಾದ್ಮೇಲೆ ನೋಡ್ಬಹುದು."

ಇನ್ನು ಟೆಸ್ಸಾಳಿಗೆ ಹೇಳಬೇಕು. ವೈನೆಲ್ ಫೋನನ್ನು ಗಂಡನ ಮುಂದೆ ಇಟ್ಟು ಅಂಗಳಕ್ಕೆ ಹೋದಳು.

"ಅಪ್ಪಾ, ನಿನ್ ಫೋಟೋ ನರ್ಸಿಗೆ ತೋರ್ಸ್ದೆ" ಎಂದಳು ಟೆಸ್ಸಾ ಫೋನೆತ್ತಿದ ಕೂಡಲೇ. "ಇಂಥ ತಾತ ಎಲ್ಲಾ ಮಕ್ಳಿಗೂ ಸಿಗಲ್ಲ ಅಂದ್ಲು."

"ಅದು ನಿಜಾನೇ ಮಗಳೇ. ಎಲ್ಲಾ ಮಕ್ಳಿಗೂ ಸಿಕ್ಕಿದ್ರೆ ಊರಿಗೆ ಊರೇ ಕೆಮ್ತಿತ್ತು."

ಮಗಳು ನಕ್ಕಳು. ಅಪ್ಪ ನಗದಿದ್ದುದನ್ನು ಗಮನಿಸಿ ತಾನೂ ನಿಲ್ಲಿಸಿದಳು. ಅವನು ಹೇಳಿದ.

"ಮನೆ ತುಂಬಾ ಗಾಜಾ?"

"ಸಣ್ಣ ಸಣ್ಣದು. ಕಣ್ಣಿಗೆ ಕಾಣಲ್ಲ."

"ಅಪ್ಪಾ, ಕಣ್ಣಿಗೆ ಕಾಣೋ ಗಾಜಾಗಿದ್ರೆ ಗುಡಿಸ್ಬಹುದಿತ್ತು."

ಟೆಸ್ಸಾ ದೀರ್ಘವಾಗಿ ಉಸಿರುಬಿಟ್ಟದ್ದು ಕೇಳಿಸಿತು. ಹಿಂದೆ ಯಾವುದೋ ಯಂತ್ರ ಮೆಲ್ಲಗೆ ಕುಟುಕುಟು ಎನ್ನುತ್ತಿತ್ತು, ಮಗುವಿನ ಬಳಿಯದೇ ಇರಬೇಕು.

"ನಾನ್ ಡೆನೀಸ್ ಅವ್ರ ಮನೆಗೆ ಹೋಗ್ತೀನಿ. ನಾಳೆ ಅವ್ರಿಗೆ ಫೋನ್ ಮಾಡ್ತೀನಿ."

"ಸರಿ ಮಗಳೇ. ಅದೇ ಒಳ್ಳೇದು" ಎಂದ ವರ್ಲನ್. ಫೋನಿಟ್ಟ ಮೇಲೆ ತಮಾಷೆಗೆ ಏನಾದರೂ ಅಂದುಕೊಳ್ಳಲು ನೋಡಿದ. ಬಿಸಿನೀರಿನ ಕಮೋಡಿನ ಸಾಲಿಗೆ ಇದನ್ನೂ ಸೇರಿಸಿ ಒಂದು ಮಾತು ಕಟ್ಟಿದರೆ ಎದೆಯ ಭಾರ ಇಳಿದೀತು ಎನ್ನಿಸಿತು. ಮಾತು ಕೂಡಿಬರಲಿಲ್ಲ. ಕಮೋಡಿನ ಬಿಸಿನೀರನ್ನು ಯಾವ ಮಗುವೂ ಉಸಿರಾಡಬೇಕಾಗಿರಲಿಲ್ಲ.

ಆ ಸಂಜೆ ಮೂವರೂ ಅಂಗಳದಲ್ಲೇ ಊಟಕ್ಕೆ ಕೂತರು. ಸುದ್ದಿ ಹೇಗೋ ಚರ್ಚಿನವರಿಗೆ ಮುಟ್ಟಿತ್ತು. ಆ ಊರಿನಲ್ಲಿ ಯಾರಿಗೆ ಏನೇ ಆಗಲಿ, ಕಾರಣ ಕೇಳುವ ಮೊದಲು ಹುರುಳಿಕಾಯಿ ಬೇಯಿಸಿದ ತಟ್ಟೆ ಬರುತ್ತದೆ. ಮೂರು ಮನೆಯಿಂದ ಅದೇ ಬಂದಿತ್ತು. ಲಮಾರ್ ತಂಪು ಸಿಹಿ ಚಹಾದ ಲೋಟವನ್ನು ಹಣೆಗೆ ಒತ್ತಿಕೊಂಡು ಯೋಚಿಸುತ್ತ ಹೇಳಿದ:

"ಇಡೀ ಮನೆ ಯಾಕೆ ಬೇಕು? ಮಗೂಗೆ ಒಂದ್ ಕೋಣೆ ಸಾಕಲ್ವಾ? ಒಂದೇ ಕೋಣೆ ಪೂರ್ತಿ ಖಾಲಿ ಮಾಡಿ, ಒದ್ದೆ ಬಟ್ಟೇಲಿ ಒರೆಸಿ, ಚಾವಣಿ ಜಾಲರಿಗೆ ಬಿಗಿಯಾಗಿ ಮುಚ್ಚಳ ಹೊಡೆದ್ರೆ ಮೇಲಿಂದ ಏನೂ ಬರಲ್ಲ. ತಂಪಿಗೆ ಕಿಟಕೀಲಿ ಒಂದು ಏಸಿ ಡಬ್ಬಾ ಇಡೋದು."

ವರ್ಲನ್ ಚಮಚ ಕೆಳಗಿಟ್ಟ.

ಲಮಾರ್‌ಗೆ ಗೊತ್ತಿರಲಿಲ್ಲ, ವೈನೆಲ್‌ಗೆ ಗೊತ್ತಿತ್ತು. ವರ್ಲನ್ ಬೆಳೆದದ್ದು ಕಿತ್ತಳೆ ತೋಟದ ಅಂಚಿನಲ್ಲಿ ಒಂದು ತಗಡಿನ ಟ್ರೇಲರ್ ಮನೆಯಲ್ಲಿ. ಅದರ ಒಂದೇ ಒಂದು ಕಿಟಕಿಯಲ್ಲಿ ತುಕ್ಕು ಹಿಡಿದ ಏಸಿ ಡಬ್ಬಾ ಹಗಲೂ ರಾತ್ರಿ ನರಳುತ್ತಿತ್ತು. ಅದರ ಎದುರು ಅಣ್ಣತಮ್ಮಂದಿರೆಲ್ಲ ಹಂದಿಮರಿಗಳಂತೆ ಒತ್ತೊತ್ತಾಗಿ ಮಲಗುತ್ತಿದ್ದರು. ಅದರ ನೀರು ತೊಟ್ಟಿಕ್ಕಿ ಬಾಗಿಲ ಬಳಿ ಸದಾ ಕೆಸರು. ಶಾಲಾ ಬಸ್ಸು ಮನೆಯ ಮುಂದೆ ನಿಂತಾಗ ಹುಡುಗರು ಕಿಟಕಿಯಿಂದ ತಲೆ ಹಾಕಿ ಆ ಡಬ್ಬಾದ ಸದ್ದು ಅಣಕಿಸುತ್ತಿದ್ದರು. ದೊಡ್ಡವನಾದ ಮೇಲೆ ಇಟ್ಟಿಗೆಯ ಮನೆ ಕೊಳ್ಳಲು ಬಂದಾಗ ಅವನು ಅಡುಗೆಮನೆ ನೋಡಲಿಲ್ಲ, ಬಾವಿ ನೋಡಲಿಲ್ಲ. ಕೋಣೆಕೋಣೆಗೂ ಹೋಗಿ ತಲೆಯೆತ್ತಿ ಚಾವಣಿಯ ಜಾಲರಿ ಇದೆಯೇ ಎಂದು ನೋಡಿದ. ತನ್ನ ಮನೆಯ ಕಿಟಕಿಗೆ ಇನ್ನು ಡಬ್ಬಾ ಬರುವುದಿಲ್ಲ ಎಂದು ಹೆಂಡತಿಗೆ ಅಂದೇ ಹೇಳಿದ್ದ.

"ಯಾವ ಕೋಣೆ?" ಎಂದು ಕೇಳಿದ.

"ಮುಂದಿನ ಕೋಣೆ. ಮಿಕ್ಕ ಕಿಟಕಿಗಳು ಮೇಲಕ್ಕೇ ಏಳಲ್ಲ. ನೀನೇ ಅಲ್ವಾ ಬಣ್ಣ ಹೊಡೆದಿದ್ದು" ಎಂದಳು ವೈನೆಲ್.

ಅದು ನಿಜ. ಕಿಟಕಿ ಮುಚ್ಚಿಟ್ಟೇ ಬಣ್ಣ ಹೊಡೆದು ಅವನ್ನು ಗೋಡೆಗೆ ಶಾಶ್ವತವಾಗಿ ಅಂಟಿಸಿದ ಕೀರ್ತಿಯೂ ಅವನದೇ. ಮುಂದಿನ ಕೋಣೆಯ ಕಿಟಕಿ ನೇರ ರಸ್ತೆಗೆ ತೆರೆಯುತ್ತದೆ. ಅದೇ ರಸ್ತೆಯಲ್ಲಿ ಅವನ ಬಸ್ಸಿನ ದಾರಿ.

"ರೋಡಿಗೆ ಕಾಣುತ್ತೆ" ಎಂದ ಅವನು, ಎಷ್ಟು ಸಣ್ಣ ಮಾತಾಡುತ್ತಿದ್ದೇನೆಂದು ತನಗೇ ಕೇಳಿಸುತ್ತಿದ್ದಂತೆ.

ವೈನೆಲ್ ಹುರುಳಿಕಾಯಿಯ ತಟ್ಟೆಯನ್ನು ಅವನತ್ತ ತಳ್ಳಿದಳು. "ಕಾಣ್ಲಿ ಬಿಡು. ಟೆಸ್ಸಾ ಸರಸೋಟಾದಲ್ಲಿ ಬಾಯಿಗೆ ದಿಂಬು ಒತ್ಕೊಂಡು ಅಳೋದು ಯಾರಿಗೂ ಕಾಣಲ್ಲ. ಯಾವ್ದು ವಾಸಿ ಹೇಳು."

ಮರುದಿನ ಬೆಳಿಗ್ಗೆ ಅಂಗಡಿಯಿಂದ ಡಬ್ಬಾ ಬಂತು. ಅದಕ್ಕೂ ಮೊದಲು ವರ್ಲನ್ ಮಗಳಿಗೆ ಫೋನ್ ಮಾಡಿ, "ಬಾ ಅಂತ ಹೇಳ್ತಿಲ್ಲ. ಬಿಡುಗಡೆಗೆ ಮುಂಚೆ ಒಂದ್ ಸಲ ಬಂದು ನೋಡು. ನಿಂಗೆ ಸರಿ ಅನ್ನಿಸ್ದಿದ್ರೆ ನಾನೇ ನಿನ್ನ ಸರಸೋಟಾಕ್ಕೆ ಬಿಟ್ಟು ಬರ್ತೀನಿ" ಎಂದ. ಟೆಸ್ಸಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಕೋಣೆಯ ಕಂಬಳಿ ಹಾಸು, ಸೋಫಾ, ಪರದೆ, ಪುಸ್ತಕದ ಕಪಾಟು ಎಲ್ಲ ಹೊರಬಿದ್ದವು. ಲಮಾರ್ ಕೆಲಸಕ್ಕೆ ಹೋಗುವ ಮೊದಲು ಬಂದು ಜಾಲರಿಗೆ ತಗಡು ಹೊಡೆದು, ಸುತ್ತ ಬೆಳ್ಳಿಯ ಬಣ್ಣದ ಟೇಪು ಎಳೆದ. ವರ್ಲನ್ ಏಣಿಗೆ ಕೈ ಹಾಕಿದಾಗ, "ನಿಂಗೆ ಒದ್ದೆ ಬಟ್ಟೆ. ತಿರುಗೋ ವಸ್ತು ಯಾವ್ದೂ ಮುಟ್ಟಂಗಿಲ್ಲ" ಎಂದ. ವರ್ಲನ್ ಬಟ್ಟೆ ಹಿಡಿದ. ಗೋಡೆ ಒರೆಸಿದ, ಚಾವಣಿ ಒರೆಸಿದ, ನೆಲದ ಹಲಗೆಗಳ ಸಂದುಗಳನ್ನು ಮಂಡಿಯೂರಿ ಒರೆಸಿದ. ಒರೆಸಿದ ಬಟ್ಟೆಯನ್ನು ಹಿಂಡಿದಾಗ ಬಕೆಟ್ಟಿನ ನೀರಿನ ಮೇಲೆ ಅವನ ಜಾಣತನ ಹೊಳೆಯುತ್ತ ತೇಲುತ್ತಿತ್ತು. ನೀರು ಚೆಲ್ಲಿ ಮತ್ತೆ ಒರೆಸಿದ. ಏಸಿ ಇಲ್ಲದ ಮನೆ ಜುಲೈಯ ಬೇಗೆಗೆ ಕುದಿಯುತ್ತಿತ್ತು. ಬೆವರು ಹರಿದಲ್ಲೆಲ್ಲ ನಾರು ಚುಚ್ಚುತ್ತಿತ್ತು. ಮಧ್ಯಾಹ್ನ ವೈನೆಲ್ ಸೆಲ್ಲೋಟೇಪು ಒತ್ತಿ ನೋಡಿ ತಲೆಯಾಡಿಸಿದಳು. ಅವನು ಮೊದಲ ಗೋಡೆಯಿಂದ ಪುನಃ ಶುರುಮಾಡಿದ. ವೈನೆಲ್ ತೊಟ್ಟಿಲನ್ನು ಅಂಗಳದಲ್ಲಿ ತೊಳೆದು, ಹೊಸ ಹಾಸಿಗೆ ತರಿಸಿ, ಈ ಕೋಣೆಗೆ ಸಾಗಿಸಿದಳು.

ಡಬ್ಬಾ ಕೂರಿಸುವ ಹೊತ್ತಿಗೆ ಲಮಾರ್ ಇರಲಿಲ್ಲ. ವೈನೆಲ್ ತಮ್ಮ ಬರುವ ತನಕ ಕಾಯೋಣ ಎಂದಳು. ವರ್ಲನ್ ಡಬ್ಬಾವನ್ನು ಕಿಟಕಿಯ ಹೊಸ್ತಿಲ ಮೇಲಿಟ್ಟು, ಒಳಬದಿಗೆ ಮರದ ತೆಳ್ಳನೆಯ ಚಕ್ಕೆಯೊಂದನ್ನು ಕೊಟ್ಟು, ಹೊರಗಿನ ಮಗ್ಗುಲು ತುಸು ತಗ್ಗುವಂತೆ ವಾಲಿಸಿದ. ಇಲ್ಲದಿದ್ದರೆ ನೀರು ಕೋಣೆಯೊಳಗೇ ಇಳಿಯುತ್ತದೆ. ಪಕ್ಕದ ಸಂದುಗಳಿಗೆ ಸ್ಪಂಜು ತುಂಬಿ, ಕಿಟಕಿಯ ಬಾಗಿಲನ್ನು ಮೇಲಿನಿಂದ ಇಳಿಸಿ ಬಿಗಿದ. ಸಂಜೆ ಬಂದ ಲಮಾರ್ ಅದನ್ನು ಮೇಲೆ ಕೆಳಗೆ ನೋಡಿದ, ಅಲ್ಲಾಡಿಸಿ ನೋಡಿದ, ಹೊರಗೆ ಹೋಗಿ ನೀರು ಬೀಳುವುದನ್ನು ನೋಡಿದ.

"ಯಾರ್ ಕೂರ್ಸಿದ್ದು ಇದನ್ನ?"

"ನಾನೇ."

"ಸುಳ್ಳು ಹೇಳ್ಬೇಡ ಭಾವ."

"ಇದೊಂದು ನಮ್ಮಪ್ಪ ಕಲಿಸಿದ್ದು" ಎಂದ ವರ್ಲನ್. "ಕಲ್ತಿರೋದು ಇದೊಂದೇ ಆದ್ರಿಂದ ಇದನ್ನ ಮಾಡೋಕೆ ನಾಚಿಕೆ ಪಡ್ತಿದ್ದೆ ನೋಡು."

ಬುಧವಾರ ಟೆಸ್ಸಾ ಬಂದಳು. ನಿದ್ದೆಗೆಟ್ಟ ಕಣ್ಣು, ಆಸ್ಪತ್ರೆಯವರು ಕಟ್ಟಿದ ಹೆಸರಿನ ಪಟ್ಟಿ ಇನ್ನೂ ಮಣಿಕಟ್ಟಿನಲ್ಲೇ. ತಾಯಿಯನ್ನು ತಬ್ಬಿಕೊಂಡಳು. ಅಪ್ಪನ ಬಳಿ ಬಂದವಳು ಒಂದು ಹೆಜ್ಜೆ ಹಿಂದೆಯೇ ನಿಂತಳು. ಅಮ್ಮನ ಕೈಯಿಂದ ಸೆಲ್ಲೋಟೇಪು ತೆಗೆದುಕೊಂಡು ಮುಂದಿನ ಕೋಣೆಗೆ ಒಬ್ಬಳೇ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ವರ್ಲನ್ ಹಳಿಯ ಮುಂದೆ ಬಸ್ ನಿಲ್ಲಿಸಿದವನಂತೆ ಕಿವಿಗೊಟ್ಟು ನಿಂತ. ಟೇಪು ಹರಿಯುವ ಸದ್ದು, ಮೌನ, ಮತ್ತೆ ಟೇಪು ಹರಿಯುವ ಸದ್ದು. ಒಳಗೆ ಅವಳು ನೆಲ, ಕಿಟಕಿಯ ಹೊಸ್ತಿಲು, ತೊಟ್ಟಿಲಿನ ಸರಳು, ಡಬ್ಬಾದ ಮೂತಿ ಒಂದೊಂದನ್ನೂ ಒತ್ತಿ ನೋಡುತ್ತಿದ್ದಳು.

ಬಾಗಿಲು ತೆರೆದು ಬಂದವಳು ನೇರವಾಗಿ ಅಪ್ಪನ ಎದುರು ನಿಂತು, ಹೊಸ ತುಂಡೊಂದನ್ನು ಅವನ ಗಡ್ಡಕ್ಕೆ ಒತ್ತಿ ಸರಕ್ಕನೆ ಎಳೆದಳು. ಅವನು ಹಾ ಎಂದ. ಟೇಪನ್ನು ಬಿಸಿಲಿಗೆ ಹಿಡಿದಳು. ನಾಲ್ಕಾರು ಬಿಳಿ ಕೂದಲು, ಅವುಗಳ ನಡುವೆ ತುಂಬ ಮಿನುಗು.

"ಕೋಣೆ ಚೆನ್ನಾಗಿದೆ" ಎಂದಳು. "ಇಡೀ ಮನೇಲಿ ಈಗ ಕೊಳಕಾಗಿರೋದು ನೀನೊಬ್ನೇ ಅಪ್ಪಾ."

"ಅದು ಹಳೇ ಸುದ್ದಿ" ಎಂದಳು ವೈನೆಲ್.

"ಬರ್ತೀಯಾ ಮಗಳೇ?"

ಟೆಸ್ಸಾ ಕೋಣೆಯೊಳಗೆ ತಿರುಗಿ ನೋಡಿದಳು. ಬೋಳು ಗೋಡೆ, ಬೋಳು ನೆಲ, ಕಿಟಕಿಯಲ್ಲಿ ಗುರುಗುಡುವ ಡಬ್ಬಾ. "ಗಡ್ಡ ತೆಗೀಬೇಕು. ಆ ಕೋಣೆಗೆ ಬರೋಕೆ ಮುಂಚೆ ಸ್ನಾನ ಮಾಡಿ, ಒಗೆದು ಮುಚ್ಚಿಟ್ಟ ಬಟ್ಟೆ ಹಾಕ್ಕೊಂಡು ಬರ್ಬೇಕು, ಪ್ರತೀ ಸಲಾನೂ. ಮತ್ತೆ ಆ ಡ್ರಿಲ್ಲಿಂಗ್ ಮೆಷೀನು ಲಮಾರ್ ಮಾವನ ಮನೇಲಿರ್ಲಿ."

"ಗಡ್ಡ ಮೂವತ್ತು ವರ್ಷದ್ದು" ಎಂದು ವರ್ಲನ್ ಗೊಣಗಿದ, ಆಗಲೇ ಕತ್ತರಿ ಹುಡುಕುತ್ತ.

ಗಡ್ಡದ ಕೆಳಗೆ ಗದ್ದವೇ ಇರಲಿಲ್ಲ. ಮುಖ ಯಾವ ಮುನ್ಸೂಚನೆಯೂ ಇಲ್ಲದೆ ಕತ್ತಾಗಿಬಿಡುತ್ತಿತ್ತು. ವೈನೆಲ್ ಮದುವೆಗೆ ಮೊದಲು ನೋಡಿದ್ದು ಇದೇ ಮುಖವಾದರೂ ಮರೆತುಹೋಗಿತ್ತೆಂದು ಹೇಳಿ, ಲಮಾರ್‌ಗೆ ಫೋಟೋ ಕಳಿಸಿದಳು. ಲಮಾರ್‌ನಿಂದ ಉತ್ತರವೇ ಬರಲಿಲ್ಲ. ವೃದ್ಧಾಶ್ರಮದ ಅಟ್ಟದಲ್ಲಿ ಏಣಿಯ ಮೇಲಿದ್ದವನು ನಕ್ಕು ಬೀಳುವ ಹಾಗಾಗಿತ್ತೆಂದು ಆಮೇಲೆ ಗೊತ್ತಾಯಿತು.

ಗುರುವಾರ ಏಮಸ್ ಬಂದ. ಕಾರಿನಿಂದ ಕೋಣೆಗೆ ಅವನನ್ನು ಟೆಸ್ಸಾಳೇ ಎತ್ತಿಕೊಂಡು ಹೋದಳು, ಹಿಂದೆ ಆಮ್ಲಜನಕದ ಸಣ್ಣ ಸಿಲಿಂಡರು ಹಿಡಿದು ವೈನೆಲ್. ವರ್ಲನ್ ಹೊಸ್ತಿಲಾಚೆ ನಿಂತು ಇಣುಕಿದ. ಸ್ನಾನವಾಗಿತ್ತು, ಬಟ್ಟೆ ಬದಲಾಗಿತ್ತು, ಆದರೂ ಕತ್ತಿನ ಹಿಂದೆ ಇನ್ನೂ ತುರಿಕೆ ಇತ್ತು. ತುರಿಕೆ ಇರುವ ತನಕ ಒಳಗೆ ಹೋಗಬಾರದೆಂದು ಅವನೇ ತನಗೆ ಹಾಕಿಕೊಂಡ ನಿಯಮ. ಟೆಸ್ಸಾ ಹಾಕಿದ್ದ ನಿಯಮಗಳಲ್ಲಿ ಅದಿರಲಿಲ್ಲ.

ತೊಟ್ಟಿಲಲ್ಲಿ ಮಲಗಿಸಿದ ಮೇಲೆ ಮಗುವಿನ ಪುಟ್ಟ ಎದೆ ಏರಿತು, ಇಳಿಯಿತು. ಟೆಸ್ಸಾ ಬೋಳು ನೆಲದ ಮೇಲೆ ತೊಟ್ಟಿಲಿಗೆ ಒರಗಿ ಕೂತು, ಯಾವ ಮುಲಾಜೂ ಇಲ್ಲದೆ, ಜೋರಾಗಿ ಅಳತೊಡಗಿದಳು. ವೈನೆಲ್ ಅವಳ ಪಕ್ಕದಲ್ಲಿ ಕೂತು ತಲೆ ನೇವರಿಸುತ್ತ, ಬಾಗಿಲು ಎಳೆದುಕೋ ಎಂದು ಗಂಡನಿಗೆ ಕಣ್ಣಲ್ಲೇ ಹೇಳಿದಳು. ತಂಪು ಹೋಗಿಬಿಡುತ್ತದೆ.

ವರ್ಲನ್ ಬಾಗಿಲು ಎಳೆದು, ಅಂಗಳಕ್ಕೆ ಹೋಗಿ, ಕುರ್ಚಿಯನ್ನು ಮುಂದಿನ ಕಿಟಕಿಯ ಕೆಳಗೆ ತಂದಿಟ್ಟು ಕೂತ. ರಸ್ತೆಯಲ್ಲಿ ಹೋಗುತ್ತಿದ್ದ ಪಿಕಪ್ಪೊಂದು ನಿಧಾನವಾಯಿತು. ಅದರಲ್ಲಿದ್ದವನು ಅವನ ಜೊತೆಯ ಬಸ್ ಡ್ರೈವರ್ ಓರನ್. ಮೊದಲು ಗಡ್ಡವಿಲ್ಲದ ಮುಖ ನೋಡಿದ, ಆಮೇಲೆ ಕಿಟಕಿಯ ಡಬ್ಬಾ ನೋಡಿದ.

"ಯಾರಪ್ಪಾ ನೀನು? ಟ್ಯಾಡ್ಲಾಕ್ ಎಲ್ಲಿ?"

"ಅವನು ಏಸಿ ರಿಪೇರಿ ಮಾಡೋಕೆ ಹೋಗಿ ಸತ್ತ" ಎಂದ ವರ್ಲನ್. "ನಾನು ಅವನ ತಮ್ಮ."

ಓರನ್ ಹಾರನ್ ಒತ್ತಲು ಕೈಯೆತ್ತಿದ. ವರ್ಲನ್ ತುಟಿಯ ಮೇಲೆ ಬೆರಳಿಟ್ಟು ಕಿಟಕಿಯತ್ತ ತೋರಿಸಿದ. ಓರನ್ ಕೈ ಇಳಿಸಿ, ಸದ್ದಿಲ್ಲದೆ ಗಾಡಿಯನ್ನು ಮುಂದೆ ಬಿಟ್ಟ.

ಒಳಗಿನ ಅಳು ನಿಂತಿತ್ತು. ಡಬ್ಬಾ ಒಮ್ಮೆ ನಡುಗಿ ಜೋರು ಹಿಡಿಯಿತು. ಅದರ ಬೆನ್ನಿನ ಬಿಸಿಗಾಳಿ, ಕೋಣೆಯೊಳಗಿನ ಸೆಕೆಯನ್ನೆಲ್ಲ ಹೊತ್ತುಕೊಂಡು, ವರ್ಲನ್‌ನ ಕತ್ತಿಗೆ ನೇರವಾಗಿ ಬಡಿಯಿತು. ತುರಿಕೆ ಉರಿಯೆದ್ದಿತು. ಹೊರಗೆ ಬಿಸಿ ಬಡಿಯುವ ತನಕ ಒಳಗೆ ತಂಪು; ಅವನು ಕುರ್ಚಿ ಸರಿಸಲಿಲ್ಲ. ಬಿಸಿ ಕಡಿಮೆಯಾಯಿತೇ ಎಂದು ಆಗಾಗ ಬೆನ್ನ ಹಿಂದೆ ಕೈ ಚಾಚಿ ನೋಡಿಕೊಳ್ಳುತ್ತ ಅಲ್ಲೇ ಕೂತಿದ್ದ.